ತಾರಸಿ ಸೇರಿದ ಹಸಿರು ಡಿಸ್ಕ್

ಕಳೆದ ಭಾನುವಾರ ಬೆಳಗ್ಗೆ ಘಾಟ್ಕೋಪರ್‌ನ ಹೌಸಿಂಗ್ ಸೊಸೈಟಿಯೊಂದರ ಆಫೀಸಿನ ತಾರಸಿಯ ಮೇಲೆ ಹಸಿರು ಬಣ್ಣದ ಡಿಸ್ಕೊಂದು ಬಿದ್ದಿತು. ಎಸೆದವರು ನನ್ನ ಭಾವ. ಆಗ ಗಾಳಿ ಇರಲಿಲ್ಲ. ಯಾರಿಗೂ ಗಾಯವಾಗಿಲ್ಲ.

ಇದರಲ್ಲಿ ಸುದ್ದಿ ಏನು ಎನ್ನುತ್ತೀರಾ? ಹಿಂದಿನ ದಿನವಷ್ಟೇ ಭಾವ ಇದೇ ಡಿಸ್ಕನ್ನು ಎತ್ತಿ ಹಿಡಿದು, "ಇದನ್ನು ಕಣ್ಣು ಮುಚ್ಚಿ ನಂಬಬಹುದು ಮಾರಾಯ!" ಎಂದು ಘೋಷಿಸಿದ್ದರು. ಅಕ್ಕನನ್ನು ನೋಡಲು ಬಂದ ದಿನ ಕಾಫಿ ಆರುವ ಮೊದಲೇ ಮದುವೆಗೆ ಒಪ್ಪಿದ ಈ ಮನುಷ್ಯ, ಒಂದು ಪ್ಲಾಸ್ಟಿಕ್ ತಟ್ಟೆಯನ್ನು ಆರಿಸಿ ಪಳಗಿಸಲು ದೀಪಾವಳಿಯಿಂದ ಹೋಳಿಯವರೆಗೆ ಒದ್ದಾಡಿದ್ದರು!

ಭಾವ ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸಿದವರು. ಅವರಿಗೆ ಕೂತು ಗೊತ್ತಿಲ್ಲ. ಊಟದ ನಡುವೆ ಎದ್ದುಹೋಗಿ ಗ್ಯಾಸ್ ನೋಡಿ ಬರುತ್ತಾರೆ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೂ ಬಾಗಿಲ ಬಳಿ ನಿಲ್ಲುತ್ತಾರೆ. ಅಕ್ಕ ತದ್ವಿರುದ್ಧ. ಮಂಡಿಯ ಆಪರೇಷನ್ ಆದ ಮೇಲಂತೂ ಸೋಫಾ ಬಿಟ್ಟು ಏಳುತ್ತಿರಲಿಲ್ಲ. ದಿನಾ ನಡೆಯಬೇಕು, ಆಮೇಲೆ ಮೆಟ್ಟಿಲು ಹತ್ತಬೇಕು, ಇಲ್ಲದಿದ್ದರೆ ಕಾಲು ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು.

"ಹೋಗುವ ಜಾಗವೇ ಇಲ್ಲದೆ ಸುಮ್ಮನೆ ನಡೆಯುವುದಾ? ನಿಮಗೆ ಮರ್ಲಾ, ತಲೆ ಕೆಟ್ಟಿದೆಯಾ?" ಎಂದು ಅಕ್ಕ ಗೇಟಿನಿಂದಲೇ ವಾಪಸು.

ಆಗ ಬಂದದ್ದು ಡಿಸ್ಕ್ ಗಾಲ್ಫ್. ಚೆಂಡಿನ ಬದಲು ತಟ್ಟೆಯಂಥ ಡಿಸ್ಕ್ ಎಸೆದು ದೂರದ ಬುಟ್ಟಿಗೆ ಹಾಕುವ ಈ ಆಟವನ್ನು ಅವರ ಮಗಳು ಆಫೀಸಿನ ಪಿಕ್‌ನಿಕ್‌ನಲ್ಲಿ ಕಲಿತು ಮನೆಗೆ ತಂದಳು. ಸೊಸೈಟಿಯ ಹಿಂದಿನ ಅಂಗಳದಲ್ಲಿ ಭಾವ ಎಸೆದ ಮೊದಲ ಡಿಸ್ಕ್ ಬಾದಾಮಿ ಮರದ ಬುಡದಲ್ಲಿ ಬಿತ್ತು. ನೆಲದ ಮೇಲೆ ಚಮಚ ಬಿದ್ದಿದ್ದರೂ ಸಹಿಸದವಳು ನನ್ನ ಅಕ್ಕ. ಬೆಂಚಿನ ಮೇಲೆ ಚಡಪಡಿಸಿದಳು. ಗೊಣಗಿದಳು. ಕೊನೆಗೆ ಕೋಲೂರಿ ಎದ್ದು, ಮರದವರೆಗೆ ನಡೆದು, ಅದನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದಳು!

ಭಾವ ನನ್ನ ಮೊಣಕೈ ಹಿಂಡಿ, "ಕಂಡೆಯಾ?" ಎಂದರು.

ಅಂದಿನಿಂದ ಶುರುವಾಯಿತು ಅಲೆದಾಟ. ಹತ್ತಿರಕ್ಕೆ ಎಸೆಯುವ ಪಟರ್ ಅಕ್ಕನ ಕಾಲ ಬುಡದಲ್ಲೇ ಬೀಳುತ್ತಿತ್ತು. ದೂರ ಹಾರುವ ಡ್ರೈವರ್ ಕಾಂಪೌಂಡು ದಾಟಿ ಗಟಾರ ಸೇರಿತು. ಅಕ್ಕ ಎರಡು ದಿನ ಕೆಳಗಿಳಿಯಲಿಲ್ಲ. ಬೇಕಾದದ್ದು ನಡುವಿನದು, ಫೇರ್‌ವೇ ಡ್ರೈವರ್. ಅದೂ ಹೇಳಿದಲ್ಲಿಗೇ ಹೋಗಿ ಬೀಳುವಂಥದ್ದು. ಭಾವ ಅಂಗಡಿಯಲ್ಲಿ ಡಿಸ್ಕುಗಳನ್ನು ಕಲ್ಲಂಗಡಿಯಂತೆ ಬಡಿದು ನೋಡಿದರು, ಮೂಸಿದರು, ತಲೆಯ ಮೇಲಿಟ್ಟು ತೂಕ ಅಳೆದರು. ಡಿಸ್ಕ್ ಹಿಡಿದು ಲೋಕಲ್‌ನಲ್ಲಿ ಬರುವಾಗ ಕುರ್ಲಾದಲ್ಲಿ ಹತ್ತಿದ ಹುಡುಗನೊಬ್ಬ, ಡಬ್ಬಿ ಬಿಟ್ಟು ಬರೀ ಮುಚ್ಚಳ ಹಿಡಿದು ತಿರುಗುತ್ತೀರಲ್ಲ ಎಂದು ಕೇಳಿದ: "ಅಂಕಲ್, ಡಬ್ಬಾ ಕಿಧರ್ ಹೈ? ಖಾಲಿ ಢಕ್ಕನ್ ಲೇಕೆ ಘೂಮ್ ರಹೇ ಹೋ?"

ಕೊನೆಗೆ ಕೊಂಡು ತಂದ ಹಸಿರು ಡಿಸ್ಕ್ ಮೊದಮೊದಲು ಎಡಕ್ಕೆ ಎಳೆಯುತ್ತಿತ್ತು. ಮಗಳು ತನ್ನ ಮುಂಬೈ ಕನ್ನಡದಲ್ಲಿ ಸಮಾಧಾನ ಹೇಳಿದಳು: "ಪಪ್ಪಾ, ನಯಾ ಹೈ ನಾ, ಥೋಡಾ ಸವೆದ್ರೆ ಸೀದಾ ಹೋಗ್ತದೆ."

ಹೋಟೆಲಿನವರಿಗೆ ಇಷ್ಟು ಸಾಕಲ್ಲ! ಹೊಸ ದೋಸೆ ಕಾವಲಿಯನ್ನು ಹೇಗೆ ಪಳಗಿಸುತ್ತಾರೆ? ಭಾವ ಡಿಸ್ಕಿಗೆ ಎಣ್ಣೆ ಸವರಿ, ಅರ್ಧ ಈರುಳ್ಳಿಯಿಂದ ಚೆನ್ನಾಗಿ ಉಜ್ಜಿದರು. ಮರುದಿನ ಎಸೆಯಲು ತೋಳು ಹಿಂದಕ್ಕೆ ಎಳೆದದ್ದೇ ತಡ, ಅದು ಕೈಜಾರಿ ಹಿಂದಕ್ಕೇ ಹಾರಿ ವಾಚ್‌ಮನ್‌ನ ಚಹಾದ ಗ್ಲಾಸು ಉರುಳಿಸಿತು. ಎರಡು ಕಾಗೆಗಳು ಆ ಡಿಸ್ಕನ್ನು ತಿನ್ನಲು ಬಂದದ್ದನ್ನು ನಾನೇ ಕಂಡಿದ್ದೇನೆ.

"ಇನ್ನು ಅದಕ್ಕೆ ಚಟ್ನಿಯೂ ಅರೆಯಬೇಕಾ?" ಅಕ್ಕ ಕೇಳಿದಳು. ಆದರೂ ಎದ್ದು ಹೋಗಿ ಎತ್ತಿದಳು. ಸೋಪು ಹಾಕಿ ತೊಳೆದಳು.

ಎಣ್ಣೆಯ ಪ್ರತಾಪವಲ್ಲ, ದಿನಾ ನೆಲಕ್ಕೆ ಬಿದ್ದು ಸವೆದದ್ದರ ಫಲ. ಹೋಳಿಯ ಹೊತ್ತಿಗೆ ಡಿಸ್ಕ್ ನೇರ ಹಾರತೊಡಗಿತು. ಅದು ಬೀಳುವ ಜಾಗ ದಿನೇ ದಿನೇ ತುಸು ದೂರವಾಗುತ್ತಿತ್ತು. ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು, "ದಿನಾ ಒಂಚೂರು ಮುಂದೆ ಹೋಗಿ ನಿಂತು ಎಸೆಯುತ್ತಾರೆ. ನನಗೆ ಗೊತ್ತಾಗುವುದಿಲ್ಲ ಅಂತ ಗ್ರಹಿಸಿದ್ದಾರೆ ಪಾಪ. ನೀನು ಹೇಳಬೇಡ."

ಕೋಲು ಬೆಂಚಿನ ಮೇಲೆಯೇ ಉಳಿಯತೊಡಗಿತು. ಆದರೆ ಮೆಟ್ಟಿಲಿನ ಮಾತೆತ್ತಿದರೆ, "ಲಿಫ್ಟ್ ಉಂಟಲ್ಲ" ಎಂಬ ಒಂದೇ ಉತ್ತರ.

ಹೀಗಿರುವಾಗ ಭಾನುವಾರ ಆ ನಂಬಿಕಸ್ಥ ಡಿಸ್ಕ್ ಆಫೀಸಿನ ತಾರಸಿ ಸೇರಿತು. ಅಲ್ಲಿಗೆ ಲಿಫ್ಟ್ ಇಲ್ಲ. ಅಕ್ಕನ ಅಡುಗೆಮನೆಯ ಕಿಟಕಿಯಿಂದ ಆ ತಾರಸಿ ಚೆನ್ನಾಗಿ ಕಾಣುತ್ತದೆ. ಕೈ ತಪ್ಪಿತೇ ಎಂದು ಕೇಳಿದರೆ ಭಾವ, "ಹಳೆಯ ಕೈ ಮಾರಾಯ" ಎಂದು ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದರು.

ವಾಚ್‌ಮನ್‌ನ ಹೇಳಿಕೆ ಬೇರೆ ಇದೆ, ತೆಗೆಯಲು ಮೇಲೆ ಹೊರಟವನನ್ನು ಭಾವನೇ ತಡೆದು ಅಲ್ಲೇ ಇರಲಿ ಎಂದರಂತೆ: "ಮೈ ಊಪರ್ ಜಾ ರಹಾ ಥಾ ಸಾಬ್. ಅಂಕಲ್ ನೇ ರೋಕಾ. ಬೋಲೇ, ರಹನೇ ದೋ."

ಸೋಮವಾರ ಅಕ್ಕ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮಂಗಳವಾರ, "ಯಾರಾದರೂ ಅದನ್ನು ತೆಗೆಯಬಾರದಾ?" ಎಂದು ನನಗೆ ಫೋನು ಮಾಡಿದಳು. ಭಾವ ಆ ದಿನಗಳಲ್ಲಿ ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲ್‌ಗೆ ನಡೆದದ್ದಕ್ಕೆ ಲೆಕ್ಕವಿಲ್ಲ.

ಇಂದು ಬೆಳಗ್ಗೆ ಅಕ್ಕ ವಾಚ್‌ಮನ್‌ನಿಂದ ಬೀಗದ ಕೈ ಇಸಿದುಕೊಂಡು, ಕಂಬಿ ಹಿಡಿದು ಆಫೀಸಿನ ಮೆಟ್ಟಿಲು ಹತ್ತಿದಳು. ಭಾವ ಕೆಳಗೆ ಬೆಂಚಿನ ಮೇಲೆ, ಅವಳ ಕೋಲನ್ನು ಮಡಿಲಲ್ಲಿಟ್ಟುಕೊಂಡು, ಅವಳು ಇಳಿದು ಬರುವವರೆಗೂ ಕೂತಿದ್ದರು. ಹಸಿರು ಡಿಸ್ಕ್ ಈಗ ಅಕ್ಕನ ಅಡುಗೆಮನೆಯಲ್ಲಿ ತಟ್ಟೆಗಳ ಜೊತೆ ಒಣಗುತ್ತಿದೆ.