ನಿಲ್ಲದ ತಂತಿ

ಸಫ್ವತ್ ನಡೆಸುತ್ತಿದ್ದ ಮದುವೆ ವಾದ್ಯತಂಡದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದವನು ಹೇಳದೆ ಕೇಳದೆ ಕುವೈತಿನ ವಿಮಾನ ಹತ್ತಿದ್ದೇ ಎಲ್ಲಕ್ಕೂ ಮೂಲ. ಅವನು ಬಿಟ್ಟುಹೋದ ಗಿಟಾರೂ ಒಲೆಯಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆಯೂ ಶುಬ್ರಾ ಬಡಾವಣೆಯ ಅಂಚೆ ಗುಮಾಸ್ತ ನಬೀಹನ ಮನೆಗೆ, ಮೂರನೇ ಮಹಡಿಗೆ, ಏರಿ ಬಂದವು. ಇಡೀ ಯೌವನವನ್ನು ಗಾಜಿನ ಹಿಂದೆ ಕೂತು ಅಂಚೆಚೀಟಿ ಹರಿದುಕೊಡುವುದರಲ್ಲೇ ಕಳೆದ ನಬೀಹನಿಗೆ ಇದ್ದದ್ದು ಒಂದೇ ಆಸೆ: ಒಮ್ಮೆಯಾದರೂ ವೇದಿಕೆಯ ಮೇಲೆ, ನಾಲ್ಕು ಜನಕ್ಕೆ ಕಾಣುವ ಹಾಗೆ, ನಿಲ್ಲಬೇಕು.

ಆ ದಿನ ಬಂದಿತ್ತು. ಅಂದು ಶುಕ್ರವಾರ, ರಾತ್ರಿ ಪಕ್ಕದ ಬೀದಿಯಲ್ಲಿ ಮದುವೆ. "ಸಂಜೆ ಐದಕ್ಕೆ ಬಂದು ಕೇಳ್ತೀನಿ," ಎಂದಿದ್ದ ಸಫ್ವತ್. "ಸರಿಯಾಗಿದ್ರೆ ನಿನ್ನನ್ನೂ ಕರ್ಕೊಂಡು ಹೋಗ್ತೀನಿ, ಇಲ್ಲದಿದ್ರೆ ಗಿಟಾರ್ ಒಂದನ್ನೇ."

ಅವನು ಕಲಿಸಿದ್ದು ತೀರಾ ಸರಳ. "ಬಲಗೈ ಹೆಬ್ಬೆರಳು ಇಲ್ಲಿ ಊರು. ತೋರುಬೆರಳು, ನಡುಬೆರಳು ಒಂದಾದ ಮೇಲೊಂದು, ಮೆಟ್ಟಿಲು ಹತ್ತೋ ಕಾಲಿನ ಹಾಗೆ. ಎಡಗೈಲಿ ಈ ಲೋಹದ ಪಟ್ಟಿ ಮೇಲೆ ಒತ್ತಬೇಡ, ಪಟ್ಟಿಗೆ ತಾಗಿ ಹಿಂದೆ ಒತ್ತು. ಇನ್ನೊಂದು ಕೇಳು ನಬೀಹ್, ತಂತಿ ಮೀಟೋದು ಕತ್ತೆಗೂ ಬರುತ್ತೆ. ನಿಲ್ಲಿಸೋದೇ ವಿದ್ಯೆ. ಮುಂದಿನ ಸ್ವರಕ್ಕೆ ಹೋಗೋ ಮೊದಲು ಹಿಂದಿನದ್ದರ ಬಾಯಿ ಮುಚ್ಚಿಸಬೇಕು."

ಈ ಬಾಯಿ ಮುಚ್ಚಿಸುವುದೇ ನಬೀಹನಿಗೆ ಒಲಿಯಲಿಲ್ಲ. ಬೆಳಿಗ್ಗೆ ಬೇಯಿಸಿದ ಅವರೆ ತಿಂದು ಕೂತವನು ದಪ್ಪ ತಂತಿ ಮೀಟಿದ. ಗುಂಯ್ಯ್ ಎಂದಿತು. ಅಂಗೈ ಇಟ್ಟ. ಗುಂಯ್ಯ್ ಎನ್ನುತ್ತಲೇ ಇತ್ತು. ಎರಡೂ ಅಂಗೈ ಇಟ್ಟ. ಕೊನೆಗೆ ಗಿಟಾರಿನ ಮೇಲೆ ಕವುಚಿ ಮಲಗಿಯೂ ನೋಡಿದ. ಊಟ ಮುಗಿದರೂ ಏಳದ ನೆಂಟನ ಹಾಗೆ ಆ ನಾದ ಗೋಡೆಯೊಳಗೆ ಕೂತೇ ಇತ್ತು.

"ಇದು ನಿಲ್ತಾನೇ ಇಲ್ಲ ಇನ್ಸಾಫ್!"

"ಒಳ್ಳೇ ವಾದ್ಯ ಅಂದ್ರೆ ಹಾಗೇ ರೀ," ಎಂದಳು ಹೆಂಡತಿ, ಬಚ್ಚಲುಮನೆಯಿಂದ ಒದ್ದೆ ಕೈಯಲ್ಲಿ ಇಣುಕಿ. "ನೀವು ನುಡಿಸಿ. ಯಾಕೆ ಸುಮ್ಮನಾಗ್ತೀರಾ? ಕೇಳೋಕೆ ಹಿತವಾಗಿದೆ."

ನಬೀಹನ ಕಣ್ಣು ತುಂಬಿತು. ಕಚೇರಿಯಲ್ಲಿ ಎಲ್ಲರ ಹೆಂಡಿರೂ ಗಂಡಂದಿರ ಹವ್ಯಾಸಗಳನ್ನು ಕಸದ ಬುಟ್ಟಿಗೆ ಹಾಕಿದ್ದರು. ಇವಳೊಬ್ಬಳು ಒಂದು ತಿಂಗಳಿಂದ, ಅವನು ಗಿಟಾರ್ ಕೆಳಗಿಟ್ಟ ಕೂಡಲೇ ಬಂದು, ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಎನ್ನುತ್ತಿದ್ದಳು. ಅವನು ಇನ್ನೂ ಹುರುಪಿನಿಂದ ಮೀಟಿದ.

ಕರೆಗಂಟೆ ಬಡಿದುಕೊಂಡಿತು.

"ಇರಿ, ತಲೆವಸ್ತ್ರ ಹಾಕ್ಕೊಂಡು ಬರ್ತೀನಿ," ಎಂದು ಇನ್ಸಾಫ್ ಬಚ್ಚಲಿಗೆ ಓಡಿ, ಆಮೇಲೆ ಬಾಗಿಲು ತೆರೆದಳು. ಐದನೇ ಮಹಡಿಯ ಮೇಡಂ ಫಿಕ್ರಿಯಾ ನಿಂತಿದ್ದರು, ತಲೆಯ ಮೇಲೆ ಕೋಟೆಯಂತೆ ಶಾಂಪೂ ನೊರೆ.

"ಉಸ್ತಾದ್ ನಬೀಹ್, ಮೋಟರ್ ಆರಿಸ್ತೀರೋ ಇಲ್ವೋ?"

"ಯಾವ ಮೋಟರು?"

"ನೀರು ಎಳೆಯೋ ಮೋಟರು! ನಮ್ಮ ಕಟ್ಟಡದಲ್ಲಿ ಯಾರೂ ಮನೇಲಿ ಇಟ್ಕೋಬಾರದು ಅಂತ ಸಂಘದಲ್ಲಿ ತೀರ್ಮಾನ ಆಗಿಲ್ವಾ? ಗೋಡೇಲಿ ಗುಂಯ್ ಅಂದ ಕೂಡಲೇ ನನ್ನ ನಲ್ಲಿ ಕೆಮ್ಮುತ್ತೆ. ಒಂದು ತಿಂಗಳಾಯ್ತು!"

"ಅದು ನನ್ನ ಗಿಟಾರು ಮೇಡಂ, ಅಲ್ಲಾನ ಆಣೆ!"

"ಗಿಟಾರ್ ನನ್ನ ನೀರು ಕುಡಿಯುತ್ತಾ?"

ನಬೀಹ್ ನುಡಿಸಿ ತೋರಿಸಿದ. ಫಿಕ್ರಿಯಾ ನೊರೆಯೊಳಗಿಂದ ಒಂದು ಕಿವಿ ಹೊರತೆಗೆದು ಕೇಳಿದರು. "ಗಿಟಾರ್ ಅಂದ್ರೆ ಟಿಂಗ್ ಟಿಂಗ್ ಅನ್ನಬೇಕು. ಇದು ಎಮ್ಮೆ ನರಳಿದ ಹಾಗಿದೆ. ಇರಲಿ, ಹಾಜಿಗೆ ಹೇಳ್ತೀನಿ!"

ಮಧ್ಯಾಹ್ನದ ನಮಾಜು ಮುಗಿಸಿ ಸಂಘದ ಅಧ್ಯಕ್ಷ ಹಾಜಿ ದುಸೂಕಿ ಬಂದರು. ಆಗಲೂ ಇನ್ಸಾಫ್ ತಲೆವಸ್ತ್ರಕ್ಕೆಂದು ಓಡಿ ಬಂದೇ ಬಾಗಿಲು ತೆರೆದಳು. ಹಾಜಿ ಗೋಡೆಗೆ ಕಿವಿಯಿಟ್ಟರು, ನೆಲಕ್ಕೆ ಕಿವಿಯಿಟ್ಟರು, ಯಾಕೋ ಫ್ರಿಜ್ಜಿಗೂ ಇಟ್ಟರು.

"ಹೊರಗೆ ನಿಂತಾಗ ಕೇಳುತ್ತೆ, ಒಳಗೆ ಬಂದ್ರೆ ಇಲ್ಲ. ಚಾಲಾಕಿ ಮೋಟರು ಕಣಯ್ಯ ನಿಂದು."

"ಹಾಜಿ, ನಾನು ಯಾವತ್ತಾದ್ರೂ ಸುಳ್ಳು ಹೇಳಿದ್ದೀನಾ?"

"ಅಂಚೇಲಿ ಕೆಲಸ ಮಾಡ್ತೀಯ. ನಾಳೆ ಬರುತ್ತೆ ಅಂತ ದಿನಾ ಹೇಳ್ತೀಯ. ಐದು ಗಂಟೆಗೆ ಎಲ್ಲರ ಮುಂದೆ ನುಡಿಸು. ಗಿಟಾರೇ ಆದ್ರೆ ಕ್ಷಮೆ ಕೇಳ್ತೀನಿ. ಇಲ್ಲದಿದ್ರೆ ಗಿಟಾರು, ಪೆಟ್ಟಿಗೆ ಎರಡೂ ಸಂಘದ ಕೋಣೆಯೊಳಗೆ, ಬೀಗ ಹಾಕಿ!"

ವೇದಿಕೆ, ಮಾನ ಎರಡೂ ಒಂದೇ ಗಳಿಗೆಗೆ ಬಂದು ನಿಂತವು. ನಬೀಹ್ ಸಂಜೆಯವರೆಗೂ ಒಂದನ್ನೇ ಮಾಡಿದ: ಮೀಟು, ಒತ್ತು, ಮೀಟು, ಒತ್ತು. ಬೆರಳ ತುದಿಗಳು ಹುರಿದ ಕಡಲೆಕಾಯಿಯಂತಾದವು. ಗುಂಯ್ ಮಾತ್ರ ಹೋಗಲಿಲ್ಲ. ಕೊನೆಗೆ ಅವನು ಅದನ್ನೇ ಆಸರೆ ಮಾಡಿಕೊಂಡು, ತಂತಿಗಳ ಕಿವಿ ಹಿಂಡಿ, ಎಲ್ಲವನ್ನೂ ಆ ನಾದಕ್ಕೇ ಹೊಂದಿಸಿಕೊಂಡ. ಮನಸ್ಸಿಗೆ ಸಮಾಧಾನವಾಯಿತು.

ಐದಕ್ಕೆ ಮನೆಯ ತುಂಬ ಜನ. ಸೋಫಾದ ಕೈಗಳ ಮೇಲೂ ಕೂತಿದ್ದರು. ಇನ್ಸಾಫ್ ಎಲ್ಲರಿಗೂ ಪುದೀನ ಚಹಾ ಮಾಡಲು ಒಳಗೆ ಹೋದಳು. ನಬೀಹ್ ಕಣ್ಣು ಮುಚ್ಚಿ ನುಡಿಸತೊಡಗಿದ. ಬೆರಳುಗಳು ಮೆಟ್ಟಿಲು ಹತ್ತಿದವು, ಇಳಿದವು. ಕಿಟಕಿ ಗಾಜು ಸಣ್ಣಗೆ ನಡುಗಿತು.

"ನನ್ನ ಮನೇಲಿ ಕೇಳೋದು ಇದೇ!" ಎಂದರು ಫಿಕ್ರಿಯಾ. ಅವರ ದನಿ ಸ್ವಲ್ಪ ತಗ್ಗಿತ್ತು. ಹಾಜಿ ಗಂಟಲು ಸರಿಮಾಡಿಕೊಂಡರು. ಕ್ಷಮೆ ಅಲ್ಲೇ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು.

ಅಷ್ಟರಲ್ಲಿ ತೆರೆದ ಬಾಗಿಲಲ್ಲಿ ಸಫ್ವತ್ ಬಂದು ನಿಂತಿದ್ದ. ಹುಬ್ಬು ಗಂಟಿಕ್ಕಿ ಕೇಳುತ್ತಿದ್ದವನು ಕೈಯೆತ್ತಿದ. "ನಿಲ್ಲಿಸು."

ನಬೀಹ್ ಅಂಗೈ ಒತ್ತಿದ. ತಿಂಗಳ ಶ್ರಮವೆಲ್ಲ ಆ ಒಂದು ಒತ್ತಿನಲ್ಲಿತ್ತು.

ಗುಂಯ್ಯ್.

"ನಿಲ್ಲಿಸು ಅಂದೆ."

"ನಿಲ್ಲಿಸಿದ್ದೀನಿ."

ಸಫ್ವತ್ ಬಂದು ಸ್ಪೀಕರ್ ಪೆಟ್ಟಿಗೆ ಆರಿಸಿದ. ಗುಂಯ್ಯ್ ಎನ್ನುತ್ತಲೇ ಇತ್ತು. "ಹಾಗಾದ್ರೆ ಈಗ ನುಡಿಸ್ತಿರೋರು ಯಾರು?"

ಎಲ್ಲರ ತಲೆಗಳೂ ನಿಧಾನವಾಗಿ ಬಚ್ಚಲಿನ ಕಡೆ ತಿರುಗಿದವು. ಅಡುಗೆಮನೆ ಬಾಗಿಲಲ್ಲಿ ಇನ್ಸಾಫ್ ಎರಡೂ ಕೈಯಲ್ಲಿ ಚಹಾ ತಟ್ಟೆ ಹಿಡಿದು ಕಲ್ಲಾಗಿದ್ದಳು.

ಹಾಜಿ ಬಚ್ಚಲಿಗೆ ಹೋಗಿ, ಕೊಳೆಬಟ್ಟೆಯ ಬುಟ್ಟಿ ಸರಿಸಿ, ಹೊಸ ನೀಲಿ ಮೋಟರಿನ ವಯರ್ ಕಿತ್ತರು. ಮೌನ ಎಂದರೆ ಏನೆಂದು ನಬೀಹನಿಗೆ ಒಂದು ತಿಂಗಳ ನಂತರ ಗೊತ್ತಾಯಿತು.

"ತಮ್ಮನ ಹತ್ರ ಹಾಕಿಸ್ಕೊಂಡೆ," ಎಂದಳು ಇನ್ಸಾಫ್. "ಗಿಟಾರ್ ಸದ್ದಲ್ಲಿ ಇದರ ಸದ್ದು ಯಾರಿಗೂ ಕೇಳಲ್ಲ ಅಂದ್ಕೊಂಡೆ. ನಾನೂ ಎಷ್ಟು ದಿನ ಅಂತ ಕೆಳಗಿಂದ ಬಿಂದಿಗೆ ಹೊರೋದು?"

"ಅಂದ್ರೆ ನೀನು ನನ್ನ ಸಂಗೀತ ಕೇಳ್ತಾನೇ ಇರಲಿಲ್ವಾ?" ಎಂದ ನಬೀಹ್.

"ಅಯ್ಯೋ, ಪ್ರತಿಯೊಂದು ಸ್ವರಾನೂ ಕೇಳ್ತಿದ್ದೆ ರೀ! ಯಾವಾಗ ನಿಲ್ಲಿಸ್ತೀರೋ, ಆಗ ಆರಿಸಬೇಕಿತ್ತಲ್ಲ."

ಇಷ್ಟು ಗಮನವಿಟ್ಟು ತನ್ನನ್ನು ಕೇಳಿದವರು ಬೇರೆ ಯಾರೂ ಇಲ್ಲವೆಂದು ನಬೀಹನಿಗೆ ಹೊಳೆಯಿತು. ಸಿಟ್ಟು ಮಾಡಿಕೊಳ್ಳಲು ಎಲ್ಲಿಂದ ಶುರುಮಾಡಬೇಕೋ ತಿಳಿಯಲಿಲ್ಲ. ಫಿಕ್ರಿಯಾ ಆಗಲೇ ಇನ್ಸಾಫಳ ತೋಳು ಹಿಡಿದು, "ಐದನೇ ಮಹಡಿಗೂ ಒಂದು ಪೈಪ್ ಎಳೆಸ್ತೀಯಾ? ಹಾಜಿಗೆ ನಾನು ಹೇಳ್ತೀನಿ," ಎಂದು ಪಿಸುಗುಡುತ್ತಿದ್ದರು. ಹಾಜಿ ಚಹಾ ಹೀರುತ್ತ ಕೇಳಿಸದವರಂತೆ ಕೂತಿದ್ದರು. ಬೀಗದ ಮಾತು ಯಾರೂ ಎತ್ತಲಿಲ್ಲ.

ನಬೀಹ್ ಸಫ್ವತ್‌ನ ಮುಖ ನೋಡಿದ. "ನಾನು ಹೇಗೆ ನುಡಿಸಿದೆ?"

"ಬೆರಳು ಚೆನ್ನಾಗಿ ನಡೆಯುತ್ತೆ. ನಿಲ್ಲಿಸೋದಂತೂ ಭೇಷ್. ಆದ್ರೆ ಶ್ರುತಿ ಯಾವುದಕ್ಕೆ ಸೇರಿಸಿದ್ದೀಯ?"

"ಅದು... ಮನೇಲಿ ಕೇಳ್ತಿದ್ದ ನಾದಕ್ಕೆ."

"ಮೋಟರಿಗೆ!" ಎಂದರು ಹಾಜಿ.

"ಒಂದು ಎಳೆ ಮೇಲಿದೆ," ಎಂದ ಸಫ್ವತ್. "ಗಿಟಾರಿನ ಶ್ರುತಿ ಒಂದು ನಿಮಿಷದಲ್ಲಿ ಸರಿಮಾಡ್ತೀನಿ. ನಿನ್ನ ಕಿವಿ ಸರಿಮಾಡೋಕೆ ಇವತ್ತು ಪುರಸೊತ್ತಿಲ್ಲ." ನಬೀಹನ ಹೆಗಲು ಕುಸಿದದ್ದು ನೋಡಿ ಅವನು ಸ್ವಲ್ಪ ಯೋಚಿಸಿದ. "ಮದುವೆ ಹುಡುಗಿ ಅಪ್ಪನಿಗೆ ಐದು ಜನರ ತಂಡ ಅಂತ ಮಾತು ಕೊಟ್ಟಿದ್ದೀನಿ. ಕಪ್ಪು ಕೋಟು ಹಾಕ್ಕೋ, ಗಿಟಾರ್ ಹೆಗಲಿಗೆ ಹಾಕ್ಕೊಂಡು ಬಾ. ಸ್ಪೀಕರ್ ವಯರ್ ಮಾತ್ರ ಮನೇಲೇ ಇರಲಿ."

ನಬೀಹ್ ಗಿಟಾರಿನ ವಯರ್ ಕಿತ್ತು ಸುತ್ತಿಟ್ಟ. ಆಮೇಲೆ ಕೇಳಿದ: "ಸದ್ದೇ ಬರದಿದ್ರೂ, ನಿಲ್ಲಿಸೋ ಕಡೆ ಅಂಗೈ ಒತ್ತಬೇಕಾ?"

"ತಪ್ಪದೆ ಒತ್ತು," ಎಂದ ಸಫ್ವತ್. "ವೀಡಿಯೋದವನು ಇರ್ತಾನೆ."

ನಬೀಹ್ ಎದ್ದ. "ಇನ್ಸಾಫ್, ನನ್ನ ಕೋಟೆಲ್ಲಿ?"