ಗೆಟ್ ಎಂಬ ಮಾಯಾವಿ ಮತ್ತು ನನ್ನ ಹತ್ತು ಗಂಟೆಯ ಚಹಾ

ಕಾನ್ವೆಂಟಿನಲ್ಲಿ ಓದಿದವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂಬ ಭ್ರಮೆ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಕಾನ್ವೆಂಟಿನಲ್ಲಿ ಓದಿದವರಿಗೇ. ನಿಜವಾಗಿ ನಮಗೆ ಬರುವುದು ಬಾಯಿಪಾಠ. ಕೈ ಹಿಂದಕ್ಕೆ ಕಟ್ಟಿ, ಗಲ್ಲ ಮೇಲಕ್ಕೆತ್ತಿ ಮೊದಲ ಸಾಲಿನಿಂದ ಹೊರಟರೆ ಕೊನೆಯ ಸಾಲಿನಲ್ಲೇ ನಿಲುಗಡೆ. ನಡುವೆ ಯಾರಾದರೂ ಕೆಮ್ಮಿದರೂ ಸಾಕು, ಮತ್ತೆ ಮೊದಲಿಂದ. ಈಗಲೂ ಜಪಸರ ಹೇಳುವಾಗ ಫೋನ್ ಬಂದರೆ ನಾನು ಶಿಲುಬೆಯ ಗುರುತಿನಿಂದ ಪುನಃ ಶುರು ಮಾಡುವವಳೇ. "ಮಮ್ಮಿ, ದೇವರಿಗೆ ಬೇರೆ ಕೆಲಸ ಇಲ್ವಾ ಎಂತ?" ಎಂದು ಮಗಳು ಐರಿನ್ ಕೇಳುತ್ತಾಳೆ. ನಾನು ಉತ್ತರ ಜೋಡಿಸುವಷ್ಟರಲ್ಲಿ ಅವಳು ಆಸ್ಪತ್ರೆಯ ಡ್ಯೂಟಿಗೆ ಹೊರಟಾಗಿರುತ್ತದೆ.

ಅಳಿಯ ಅದಕ್ಕೂ ಮೊದಲೇ ರಿಫೈನರಿಯ ಬಸ್ಸು ಹತ್ತಿರುತ್ತಾನೆ. ಮೊಮ್ಮಗಳು ರಿಯಾ ಶಾಲೆಗೆ. ಆಮೇಲೆ ಈ ಅರಬರ ನಾಡಿನ ಮಂಗಫ್‌ನ ಫ್ಲ್ಯಾಟಿನಲ್ಲಿ ಉಳಿಯುವುದು ನಾನು, ಎಸಿ ಮತ್ತು ಕಿಟಕಿಯಾಚೆಯ ಧೂಳು. ಮೂವರಲ್ಲಿ ಮಾತಾಡುವುದು ಎಸಿ ಒಂದೇ. ಇಂಥ ದಿನಗಳಲ್ಲಿ ದೇವರು ಎದುರು ಫ್ಲ್ಯಾಟಿಗೆ ಪಿಲಾರ್‌ಳನ್ನು ಕಳಿಸಿದ. ಕೊಲಂಬಿಯಾದವಳು. ಊರಲ್ಲಿ ಪುಟ್ಟ ಮಕ್ಕಳಿಗೆ ಟೀಚರ್ ಆಗಿದ್ದವಳು, ಇಲ್ಲಿ ಗಂಡ ಎಣ್ಣೆಬಾವಿಯ ಕಡೆ ಹೋದರೆ ಗೋಡೆ ನೋಡುತ್ತ ಕೂರಬೇಕು. ನಮ್ಮಿಬ್ಬರಿಗೂ ಹೊಂದುವ ಶಬ್ದಗಳೆಂದರೆ ನಮ್ಮ ಮೇಜು, ಅವಳ ಮೇಸಾ. ನಮ್ಮ ಪಾದ್ರಿ, ಅವಳ ಪಾದ್ರೆ. ಮೇಜು ಮತ್ತು ಪಾದ್ರಿಗಳನ್ನಷ್ಟೇ ಇಟ್ಟುಕೊಂಡು ಎಷ್ಟು ದಿನ ಮಾತಾಡಲಾದೀತು? ಹಾಗಾಗಿ ದಿನವೂ ಹತ್ತು ಗಂಟೆಗೆ ಚಹಾ, ರಸ್ಕು ಮತ್ತು ಇಂಗ್ಲಿಷ್ ಎಂದು ನಿಶ್ಚಯವಾಯಿತು. ಅವಳು ನನ್ನನ್ನು "ಟೀಚರ್" ಎಂದು ಕರೆದಳು. ಈ ಮನೆಯಲ್ಲಿ ಬಾಯಿ ತೆರೆದರೆ "ಗ್ರ್ಯಾನಿ, ನೋಬಡಿ ಟಾಕ್ಸ್ ಲೈಕ್ ದಟ್" ಎಂದೇ ಕೇಳಿಸಿಕೊಳ್ಳುತ್ತಿದ್ದ ನನಗೆ ಆ ಒಂದು ಶಬ್ದಕ್ಕೆ ಕಣ್ಣು ತುಂಬಿ ಬಂತು.

ಆಗ ಎದುರಾಯಿತು ನೋಡಿ, ಗೆಟ್. ಕಾನ್ವೆಂಟಿನ ನಮ್ಮ ಸಿಸ್ಟರಿಗೆ ಅದನ್ನು ಕಂಡರಾಗುತ್ತಿರಲಿಲ್ಲ. ಸೋಮಾರಿಗಳ ಕ್ರಿಯಾಪದ ಎಂದು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕುತ್ತಿದ್ದರು. ಹಾಗಾಗಿ ನಾನು ಜೀವಮಾನವಿಡೀ ರಿಸೀವ್, ಅರೈವ್, ಒಬ್ಟೇನ್ ಎಂದು ಮೈಲಿ ಸುತ್ತಿಕೊಂಡು ಬದುಕಿದವಳು. ಪಿಲಾರ್ ಬೇಡಿದ್ದು ಅದನ್ನೇ. ಪತ್ರ ಬಂದರೂ ಗೆಟ್, ಚಳಿಯಾದರೂ ಗೆಟ್, ಮನೆ ಮುಟ್ಟಿದರೂ ಗೆಟ್, ಜೋಕು ಅರ್ಥವಾದರೂ ಗೆಟ್, ಮದುವೆಯಾದರೂ ಗೆಟ್. ಅವಳ ಭಾಷೆಯಲ್ಲಿ ಇದಕ್ಕೆಲ್ಲ ಬೇರೆ ಬೇರೆ ಶಬ್ದ: ರೆಸಿಬಿರ್, ಯೆಗಾರ್, ಎಂತೆಂದೇರ್, ಕಸಾರ್ಸೆ. "ಟೀಚರ್, ಲೆಟರ್ ಆಂಡ್ ಹಸ್ಬೆಂಡ್, ಸೇಮ್ ವರ್ಬ್?" ಎಂದು ಕೈ ಬಡಿದುಕೊಂಡಳು. ಎರಡೂ ತಪ್ಪು ವಿಳಾಸಕ್ಕೆ ಬರುವುದುಂಟು ಎಂದು ಹೇಳಬೇಕೆನಿಸಿತು, ಇಂಗ್ಲಿಷ್ ಸಾಲಲಿಲ್ಲ. ಹಾಗೆ ನೋಡಿದರೆ ನಾವು ಬಾಗಿಲು ಹಾಕುತ್ತೇವೆ, ಬಟ್ಟೆ ಹಾಕುತ್ತೇವೆ, ಸಾರಿಗೆ ಉಪ್ಪು ಹಾಕುತ್ತೇವೆ, ಓಟೂ ಹಾಕುತ್ತೇವೆ. ಯಾಕೆಂದು ಯಾರೂ ಕೇಳಲಿಲ್ಲ, ಪುಣ್ಯ.

ವಿವರಿಸಲಾಗದ್ದನ್ನು ಬಾಯಿಪಾಠ ಮಾಡಿಸುವುದು ಕಾನ್ವೆಂಟಿನ ಕ್ರಮ. ನಾನೂ ಅದನ್ನೇ ಮಾಡಿದೆ. ಕೈ ಹಿಂದಕ್ಕೆ, ಗಲ್ಲ ಮೇಲಕ್ಕೆ: "ಐ ಗೆಟ್ ಎ ಲೆಟರ್. ಐ ಗೆಟ್ ಕೋಲ್ಡ್. ಐ ಗೆಟ್ ಹೋಮ್." ಹೀಗೆ ಸಾಗಿ ಕೊನೆಗೆ "ಐ ಗೆಟ್ ಯೂಸ್ಡ್ ಟು ಇಟ್." ಇದೊಂದರ ಅರ್ಥ ಅವಳು ಕೇಳಿದಾಗಲೆಲ್ಲ ನಾನು "ಲೇಟರ್, ಲೇಟರ್" ಎಂದು ಚಹಾ ಬಗ್ಗಿಸುತ್ತಿದ್ದೆ. ಆ ಸಾಲು ಮುಗಿದರೆ ಪಾಠವೂ ಮುಗಿಯಿತಲ್ಲ. ಅಷ್ಟರಲ್ಲಿ ಹತ್ತಿರದ ಎಗೈಲಾದ ಒಂದು ನರ್ಸರಿಯಿಂದ ಅವಳಿಗೆ ಇಂಟರ್‌ವ್ಯೂ ಕರೆ ಬಂದಿತ್ತು. ಕೆಲಸ ಸಿಗದಿದ್ದರೆ ಊರಿಗೇ ಹೋಗಿಬಿಡುವೆ ಎಂದಿದ್ದಳು. ಸಿಕ್ಕಿದರೆ ನರ್ಸರಿಗೆ. ಯಾವ ಕಡೆಯಿಂದ ನೋಡಿದರೂ ನನ್ನ ಹತ್ತು ಗಂಟೆ ಖಲಾಸ್. ಯಾವುದಕ್ಕೆಂದು ಪ್ರಾರ್ಥನೆ ಮಾಡಲಿ? ಜಪಸರ ಹಿಡಿದು ಕೂತವಳು ಕೋರಿಕೆ ಹೇಳುವ ಜಾಗದಲ್ಲಿ ಸುಮ್ಮನೆ ಗಂಟಲು ಸರಿಮಾಡಿಕೊಂಡೆ. ದೇವರಿಗೂ ಮುಜುಗರವಾಗಿರಬೇಕು.

ಇಂಟರ್‌ವ್ಯೂ ಮುಗಿಸಿ ಬಂದವಳು ಸಂಜೆ ಐರಿನ್ ಇರುವಾಗ, ನಡೆದದ್ದನ್ನೆಲ್ಲ ನಮ್ಮ ಹಾಲಿನಲ್ಲಿ ಅಭಿನಯಿಸಿ ತೋರಿಸಿದಳು. ಒಳಗೆ ಹೋಗಿ ಕೂತದ್ದೇ ತಡ, ಹೆಡ್‌ಮಿಸ್ಟ್ರೆಸ್ ಉಪಚಾರಕ್ಕೆ, "ಹೌ ಡಿಡ್ ಯು ಗೆಟ್ ಹಿಯರ್?" ಎಂದರಂತೆ. ಟ್ಯಾಕ್ಸಿ ಎಂದರೆ ಸಾಕಿತ್ತು. ಆದರೆ ಇವಳ ಕಿವಿಗೆ ಗೆಟ್ ಬಿದ್ದಿತಲ್ಲ! ಎದ್ದು ನಿಂತಳು. ಕೈ ಹಿಂದಕ್ಕೆ ಹೋಯಿತು, ಗಲ್ಲ ಮೇಲಕ್ಕೇರಿತು. "ಐ ಗೆಟ್ ಎ ಲೆಟರ್..." ಆಕೆ "ನೋ, ನೋ, ಐ ಮೀನ್" ಎಂದು ತಡೆದರೆ, ತಪ್ಪಿದ ಇವಳು ಮತ್ತೆ ಲೆಟರಿನಿಂದ ಶುರು. ಮೂಲೆಯ ಚಾಪೆಯಲ್ಲಿ ಒಬ್ಬರ ಕೂದಲು ಒಬ್ಬರು ಎಳೆಯುತ್ತಿದ್ದ ಮಕ್ಕಳು ಜಗಳ ಬಿಟ್ಟು, ಕೈ ಹಿಂದಕ್ಕೆ ಕಟ್ಟಿ, ಇವಳ ಹಿಂದೆಯೇ ರಾಗ ಎಳೆದವಂತೆ. ಆ ಮಕ್ಕಳು ಒಂದೇ ಕಡೆ ನಿಂತದ್ದನ್ನು ಹೆಡ್‌ಮಿಸ್ಟ್ರೆಸ್ ಅದುವರೆಗೆ ಕಂಡೇ ಇರಲಿಲ್ಲ. ಇಲ್ಲಿ ವಾರ ಶುರುವಾಗುವುದೇ ಭಾನುವಾರ; ಆ ಭಾನುವಾರದಿಂದಲೇ ಬನ್ನಿ ಎಂದರು. "ನೀನು ಇಂಗ್ಲಿಷ್ ಕಲಿಸಿದ್ದಾ ಮಮ್ಮಿ, ಚರ್ಚಿನ ಕೊಯರಿಗೆ ಸೇರಿಸಿದ್ದಾ?" ಎಂದು ಐರಿನ್ ನಕ್ಕು ನಕ್ಕು ಸೋಫಾಕ್ಕೆ ಒರಗಿದಳು. ಪಿಲಾರ್ ನನ್ನನ್ನು ತಬ್ಬಿಕೊಂಡು "ಥ್ಯಾಂಕ್ ಯು, ಟೀಚರ್" ಎಂದಳು. ನಾನು ಕಾನ್ವೆಂಟಿನವಳಲ್ಲವೆ, "ಯು ಆರ್ ಮೋಸ್ಟ್ ವೆಲ್ಕಮ್" ಎಂದೆ.

ಭಾನುವಾರ ಹತ್ತು ಗಂಟೆಗೆ ಕೈ ತನ್ನಷ್ಟಕ್ಕೇ ಎರಡು ಕಪ್ಪು ತೆಗೆದಿಟ್ಟಿತು. ಕಿಟಕಿಯ ಹೊರಗೆ ಧೂಳು, ಒಳಗೆ ಎಸಿಯ ಭಾಷಣ. ಆ ಕೊನೆಯ ಸಾಲನ್ನು ಅವಳಿಗೆ ವಿವರಿಸದೆ ಕಳಿಸಿಬಿಟ್ಟೆನಲ್ಲ ಎಂದು ಹೊಳೆಯಿತು. ವಿವರಿಸಲು ನನಗಾದರೂ ಎಲ್ಲಿ ಗೊತ್ತು? ಒಮ್ಮೆ ಹೇಳಿ ನೋಡೋಣವೆಂದರೆ ನೇರವಾಗಿ ಕೊನೆಯ ಸಾಲಿಗೆ ಹೋಗುವ ವಿದ್ಯೆ ನನಗಿಲ್ಲ. ಎದ್ದು ನಿಂತೆ. ಕೈ ಹಿಂದಕ್ಕೆ ಕಟ್ಟಿದೆ. ಪತ್ರ, ಚಳಿ, ಮನೆ, ಜೋಕು, ಮದುವೆ ಎಲ್ಲ ದಾಟಿ "ಐ ಗೆಟ್ ಯೂಸ್ಡ್" ಎನ್ನುವಷ್ಟರಲ್ಲಿ, ಪರೀಕ್ಷೆಯ ರಜೆಯೆಂದು ಮನೆಯಲ್ಲಿದ್ದ ರಿಯಾ ಕೋಣೆಯಿಂದ ಕೂಗಿದಳು: "ಗ್ರ್ಯಾನಿ, ಹೂ ಆರ್ ಯು ಟಾಕಿಂಗ್ ಟು?"

ತಪ್ಪಿತು. ಇನ್ನೇನು ಮಾಡಲಿ, ಮತ್ತೆ ಮೊದಲಿಂದ: ಐ ಗೆಟ್ ಎ ಲೆಟರ್. ಅದನ್ನು ಈಗ ಯಾರು ಬರೆಯುತ್ತಾರೋ, ಅದು ಬೇರೆ ಮಾತು.