ಹಸಿ ಅಂಗಳದ ಮೇಲೆ ಬೂಟು ಧರಿಸಿ ನಡೆಯುವ ಕುರಿತು

ಋತುಪೂರ್ವ ಗೃಹಾಂಗಣ ಸಿದ್ಧತಾ ಇಲಾಖೆ
(ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲೂಕುಗಳ ವಲಯ ಕಚೇರಿ)

ಸಂಖ್ಯೆ: ಋಗೃಸಿಇ/ಚಳಿ/ಸೆಗಣಿ/07/2025-26
ದಿನಾಂಕ: 10-11-2025

ಸುತ್ತೋಲೆ

ವಿಷಯ: ಚಳಿಗಾಲಕ್ಕೆ ಮನೆ ಮತ್ತು ಅಂಗಳವನ್ನು ಅಣಿಗೊಳಿಸುವ ಬಗ್ಗೆ, ಹಾಗೂ ಪುತ್ತಿಗೆಯ ಶ್ರೀಮತಿ ನೀಲಾವತಿಯವರ ಅಂಗಳದಲ್ಲಿ ಕಂಡುಬಂದ ಹೆಜ್ಜೆಗಳ ಬಗ್ಗೆ.

ಉಲ್ಲೇಖ: 1. ಇದೇ ವಿಷಯದ ಹಿಂದಿನ ಸುತ್ತೋಲೆ (ಕಚೇರಿಯ ಮಾಡು ಸೋರಿ ಒದ್ದೆಯಾದ ಕಾರಣ ಓದಲಾಗುತ್ತಿಲ್ಲ).
2. ಶ್ರೀ ಡೊಂಬಯ್ಯನವರ ದನದ ಅಸಹಕಾರ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಅಂಗಳ ಪರಿವೀಕ್ಷಕರಿಗೂ, ಅಂಗಳ ಉಳ್ಳ ಸಾರ್ವಜನಿಕರಿಗೂ ಈ ಕೆಳಗಿನಂತೆ ಸೂಚಿಸಲಾಗಿದೆ:

1. ಈ ಮೂರು ತಾಲೂಕುಗಳಲ್ಲಿ ಚಳಿಗಾಲ ಯಾವಾಗ ಶುರುವಾಗುತ್ತದೆ ಎಂಬ ಗೊಂದಲ ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಮನೆಯಲ್ಲಿ ಒಬ್ಬರು ಎದ್ದು ಫ್ಯಾನ್ ನಿಲ್ಲಿಸಿ, ಇನ್ನೊಬ್ಬರು ಎದ್ದು ಅದನ್ನು ಪುನಃ ಹಾಕಿದ ದಿನವೇ ಚಳಿಗಾಲದ ಮೊದಲ ದಿನವೆಂದು ಈ ಮೂಲಕ ಘೋಷಿಸಲಾಗಿದೆ. ಘಟ್ಟದ ಬುಡದಲ್ಲಿರುವ ಬೆಳ್ತಂಗಡಿಯವರಿಗೆ ಕಂಬಳಿ ಹೊದೆಯಲು ಅನುಮತಿ ಇರುತ್ತದೆ. ಪಾಣೆಮಂಗಳೂರಿನವರು ಹೊಳೆಯ ಮಂಜನ್ನು ತೋರಿಸಿ ಕಂಬಳಿ ಕೇಳತಕ್ಕದ್ದಲ್ಲ. ಕನ್ಯಾನದ ಕಡೆಯಿಂದ ಗಡಿ ದಾಟಿ ಬರುವ ಚಳಿಯು ನೆರೆರಾಜ್ಯದ್ದಾದ ಕಾರಣ, ಅದಕ್ಕೆ ನಡುಗಿದರೆ ಇಲಾಖೆ ಹೊಣೆಯಲ್ಲ.

2. ಮಳೆಗಾಲದಲ್ಲಿ ಜಗಲಿಗೆ ಕಟ್ಟಿದ ಟರ್ಪಾಲನ್ನು ಬಿಚ್ಚಿ ಮಡಚಿಡತಕ್ಕದ್ದು. ಬಿಚ್ಚಿದ ಮರುದಿನವೇ ಮಳೆ ಬಂದಲ್ಲಿ ಅದು ಅನಧಿಕೃತ ಮಳೆಯಾಗಿದ್ದು, ಯಾರೂ ಅದರಲ್ಲಿ ಒದ್ದೆಯಾಗತಕ್ಕದ್ದಲ್ಲ. ಮೆಟ್ಟಿಲಿನ ಪಾಚಿಯನ್ನು ಕೆರೆದು ತೆಗೆಯತಕ್ಕದ್ದು. ಆದರೆ ಅದರಲ್ಲಿ ಈಗಾಗಲೇ ಜಾರಿ ಬಿದ್ದವರಿದ್ದರೆ ಅವರ ಹೇಳಿಕೆ ದಾಖಲಾಗುವವರೆಗೆ ಪಾಚಿಯನ್ನು ಸಾಕ್ಷ್ಯವಾಗಿ ಕಾಪಾಡತಕ್ಕದ್ದು.

3. ಅಂಗಳದ ಹುಲ್ಲು ಕೆತ್ತಿ, ಮಳೆನೀರು ಕೊರೆದಲ್ಲಿ ಮಣ್ಣು ತುಂಬಿ, ಹಲಗೆಯಿಂದ ಬಡಿದು, ಸೆಗಣಿ ನೀರು ಹಾಕಿ ಹಿಡಿಸೂಡಿಯಿಂದ ಸಾರಿಸತಕ್ಕದ್ದು. ಈ ಊರುಗಳ ಹೆಂಗಸರು ಇಲಾಖೆ ಹುಟ್ಟುವುದಕ್ಕಿಂತ ಮೊದಲಿನಿಂದಲೂ ಯಾವುದೇ ಆದೇಶವಿಲ್ಲದೆ ಇದನ್ನು ಮಾಡುತ್ತಿರುವುದು ಕಂಡುಬಂದಿದ್ದು, ಅದನ್ನು ಈ ಬಾರಿಗೆ ಮನ್ನಿಸಲಾಗಿದೆ.

4. ಸಾರಿಸಿದ ಅಂಗಳಕ್ಕೆ ಪರಿವೀಕ್ಷಕರಿಂದ ಯೋಗ್ಯತಾ ಪತ್ರ ಪಡೆಯುವವರೆಗೆ ಅದರಲ್ಲಿ ಮೆಣಸು ಒಣಗಿಸುವುದು, ಕೋಳಿ ಬಿಡುವುದು ಮತ್ತು ದೀಪ ಹಚ್ಚುವುದನ್ನು ನಿಷೇಧಿಸಲಾಗಿದೆ.

5. ಕೆಲವರು ಸಿಮೆಂಟಿಗೆ ಹಸಿರು ಬಣ್ಣ ಬಳಿದು ಸೆಗಣಿ ಎಂದು ತೋರಿಸಿದ ಪ್ರಕರಣಗಳಿರುವುದರಿಂದ, ಅಂಗಳವನ್ನು ಹಸಿ ಇರುವಾಗಲೇ ತಪಾಸಣೆ ಮಾಡತಕ್ಕದ್ದು. ಪರಿವೀಕ್ಷಕರು ಸುರಕ್ಷತೆಯ ದೃಷ್ಟಿಯಿಂದ ಇಲಾಖೆಯ ಬೂಟು ಧರಿಸಿ, ಗೇಟಿನಿಂದ ತುಳಸಿಕಟ್ಟೆಯವರೆಗೆ ನಡೆದು, ವಾಪಸು ಬಂದು, ಅನಂತರ ಅಂಗಳದ ಫೋಟೋ ತೆಗೆದು ಆ್ಯಪ್‌ಗೆ ಹಾಕತಕ್ಕದ್ದು.

6. ಫೋಟೋದಲ್ಲಿ ಅಂಗಳದ ಮೇಲೆ ಯಾವುದೇ ಗುರುತು ಕಂಡುಬಂದಲ್ಲಿ ಅಂಗಳವು ಅನುತ್ತೀರ್ಣ. ಪುನಃ ಸಾರಿಸತಕ್ಕದ್ದು. ಪುನಃ ತಪಾಸಣೆಯು ಖಂಡಿಕೆ 5ರಂತೆಯೇ ನಡೆಯತಕ್ಕದ್ದು.

7. ಖಂಡಿಕೆ 5 ಮತ್ತು 6 ಅನ್ನು ಒಟ್ಟಿಗೆ ಓದಬಾರದೆಂದು ಸಿಬ್ಬಂದಿಗೆ ಸೂಚಿಸಲಾಗಿದೆ.

8. ಹೀಗಿರುವಲ್ಲಿ, ಪುತ್ತಿಗೆಯ ನೀಲಾವತಿಯವರು ಸದರಿ ಖಂಡಿಕೆಗಳನ್ನು ಒಟ್ಟಿಗೆ ಓದಿರುತ್ತಾರೆ. ಇವರು ಮದುವೆಯಾಗಿ ಬಂದ ವರ್ಷದಿಂದ ಇಂದಿನವರೆಗೆ ಕಾರ್ತಿಕದ ತುಳಸಿ ಪೂಜೆಗೆ ಒಮ್ಮೆಯೂ ದೀಪ ತಪ್ಪಿಸಿದವರಲ್ಲ. ಪೂಜೆ ಹತ್ತಿರ ಬಂದಿತ್ತು. ಅಂಗಳ ಕನ್ನಡಿಯ ಹಾಗಿತ್ತು. ಪರಿವೀಕ್ಷಕ ಶ್ರೀ ಸಮ್ಮೇದ್ ಬಂದು, ನಡೆದು, ಫೋಟೋ ತೆಗೆದು, ಅನುತ್ತೀರ್ಣ ಎಂದರು. ಮುದುಕಿ ಬೆನ್ನು ಹಿಡಿದುಕೊಂಡು ಪುನಃ ಸಾರಿಸಿದರು. ಪರಿವೀಕ್ಷಕರು ಪುನಃ ನಡೆದರು. ಆ ಸಂದರ್ಭದಲ್ಲಿ ನೀಲಾವತಿಯವರು ನೀಡಿದ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: “ನೀವು ಬರುವಾಗ ಅಂಗಳ ಸರಿ ಇರ್ತದೆ ಸರ್, ಹೋಗುವಾಗ ಹಾಳಾಗಿರ್ತದೆ. ಇದರಲ್ಲಿ ನನ್ನ ತಪ್ಪು ಎಂತ ಉಂಟು ಮಾರಾಯ್ರೆ?”

9. ಇದಕ್ಕೆ ಪರಿವೀಕ್ಷಕರು “ನನಗೂ ಬೇಜಾರುಂಟು ಅಮ್ಮ, ಆದ್ರೆ ಬೂಟು ಕಡ್ಡಾಯ” ಎಂದು ನೆಲ ನೋಡಿಕೊಂಡು ಉತ್ತರಿಸಿರುತ್ತಾರೆ. ನೆಲ ನೋಡುವುದು ಅವರ ಕರ್ತವ್ಯದ ಭಾಗವೇ ಆಗಿರುವುದರಿಂದ ಇದನ್ನು ಲೋಪವೆಂದು ಪರಿಗಣಿಸಲಾಗಿಲ್ಲ.

10. ಪೂಜೆಯ ದಿನ ಬೆಳಿಗ್ಗೆಯೂ ಅಂಗಳ ಅನುತ್ತೀರ್ಣವಾಯಿತು. ಸಂಜೆ ಕೊನೆಯ ತಪಾಸಣೆ ಎಂದು ತಿಳಿಸಲಾಯಿತು. ಸೊಸೆ ಕಾಂತಿಯವರು ಬಾಲ್ದಿ ಹಿಡಿದು ನೆರೆಮನೆಯ ಡೊಂಬಯ್ಯನವರಲ್ಲಿಗೆ ಹೋದಾಗ ಸೆಗಣಿ ಮುಗಿದಿತ್ತು. ಆ ಬದಿಯಲ್ಲೆಲ್ಲ ದನ ಉಳಿದಿರುವುದು ಇವರಲ್ಲಿ ಮಾತ್ರ. ಇಲಾಖೆಯ ಪರವಾಗಿ ವಿಚಾರಿಸಿದಾಗ ಡೊಂಬಯ್ಯನವರು, “ಅದು ದನ ಸರ್, ನಿಮ್ಮ ಟ್ಯಾಂಕರ್ ಅಲ್ಲ. ನೀವು ಇನ್ನೊಮ್ಮೆ ಮೆಟ್ಟುದಾದ್ರೆ ನಿಮ್ಮ ಸಾಹೇಬ್ರ ಹತ್ರ ಸೆಗಣಿ ಹಾಕ್ಲಿಕ್ಕೆ ಹೇಳಿ” ಎಂದಿರುತ್ತಾರೆ. ಸದರಿ ಸಲಹೆಯನ್ನು ಮೇಲಧಿಕಾರಿಗಳಿಗೆ ಕಳುಹಿಸಿದ್ದು, ಉತ್ತರ ನಿರೀಕ್ಷಿಸಲಾಗಿದೆ.

11. “ಇನ್ನು ಈ ವರ್ಷ ದೀಪ ಒಳಗೇ ಇಡುವ ಅತ್ತೆ” ಎಂದು ಕಾಂತಿಯವರು ಕಣ್ಣೊರೆಸಿಕೊಂಡರು. ನೀಲಾವತಿಯವರು ಒಣಗಿ ಗಟ್ಟಿಯಾಗಿದ್ದ ಬೂಟಿನ ಗುರುತುಗಳನ್ನು ಬಹಳ ಹೊತ್ತು ನೋಡುತ್ತಾ ನಿಂತರು. ಅನಂತರ ರಂಗೋಲಿ ಹುಡಿಯ ಕರಟ ತಂದು, ಗೇಟಿನ ಬದಿಯಿಂದ ಶುರು ಮಾಡಿ, ತುಳಸಿಯ ಕಡೆಗೆ ಹೋದ ಒಂದೊಂದು ಗುರುತಿನ ಸುತ್ತಲೂ ಬಿಳಿ ಗೆರೆ ಎಳೆದು, ಒಂದೊಂದರ ತುದಿಗೂ ಐದೈದು ಪುಟ್ಟ ಬೆರಳು ಇಟ್ಟರು. ಹೊರಗೆ ಬಂದ ಗುರುತುಗಳ ಮೇಲೆ ತಾವರೆ ಬಿಡಿಸಿದರು. ಲಕ್ಷ್ಮಿ ಒಳಗೆ ಬರುವವಳು, ಹೊರಗೆ ಹೋಗುವ ಹೆಜ್ಜೆಯನ್ನು ಯಾರೂ ಬರೆಯುವುದಿಲ್ಲ.

12. ಸಂಜೆ ಪರಿವೀಕ್ಷಕರು ಬಂದು ಗೇಟಿನಲ್ಲಿ ನಿಂತರು. ಎದುರಿಗೆ ದೇವರ ಹೆಜ್ಜೆ, ಕಾಲಿನಲ್ಲಿ ಇಲಾಖೆಯ ಬೂಟು. “ಬನ್ನಿ ಸರ್, ನಿಮ್ಮ ಕೆಲಸ ನೀವು ಮಾಡಿ. ಮೆಟ್ಟಲಿಕ್ಕೆ ಮನಸ್ಸು ಬರ್ತದಾದ್ರೆ ಮೆಟ್ಟಿ” ಎಂದು ಮುದುಕಿ ಮೆಲ್ಲನೆ ಹೇಳಿದರು. ಪರಿವೀಕ್ಷಕರು ಬೂಟನ್ನು ಗೇಟಿನ ಹೊರಗೆ ಕಳಚಿಟ್ಟು, ಅಂಗಳದ ಅಂಚಿನಲ್ಲಿ ಬರಿಗಾಲಲ್ಲಿ ನಿಂತು ಫೋಟೋ ತೆಗೆದಿರುತ್ತಾರೆ. ನೆಲ ತಣ್ಣಗಿತ್ತು ಎಂದು ಅವರು ವರದಿಯಲ್ಲಿ ಬರೆದಿದ್ದು, ಈ ವಲಯದಲ್ಲಿ ಚಳಿಗಾಲ ಬಂದಿರುವುದಕ್ಕೆ ಇಲಾಖೆಯ ಬಳಿ ಇರುವ ದಾಖಲೆ ಇದೊಂದೇ. ಅವರು ಎರಡು ಹಿಡಿ ಅವಲಕ್ಕಿ ಪ್ರಸಾದ ತಿಂದ ಬಗ್ಗೆ ಪ್ರತ್ಯೇಕ ವಿವರಣೆ ಕೇಳಲಾಗಿದೆ.

13. ವರದಿ ಮತ್ತು ಫೋಟೋವನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಅಂಗಳದಲ್ಲಿ ಹೆಜ್ಜೆಗಳಿರುವುದು ನಿಜ. ಆದರೆ ಸದರಿ ಹೆಜ್ಜೆಗಳಿಗೆ ಬೆರಳುಗಳಿದ್ದು, ಇಲಾಖೆಯ ಬೂಟಿಗೆ ಬೆರಳುಗಳಿರುವುದಿಲ್ಲ. ಆದ್ದರಿಂದ ಇಲಾಖೆಯ ಸಿಬ್ಬಂದಿ ಆ ಅಂಗಳದಲ್ಲಿ ನಡೆದಿಲ್ಲವೆಂದೂ, ಬಂದವರು ಬೇರೆಯವರೆಂದೂ ತೀರ್ಮಾನಿಸಲಾಗಿದೆ. ಬಂದವರು ಯಾರೆಂಬುದು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಅವರ ಗುರುತುಗಳಿಗೆ ಖಂಡಿಕೆ 6 ಅನ್ವಯಿಸುವುದಿಲ್ಲ.

14. ಅಂಗಳವು ಉತ್ತೀರ್ಣ. ದೀಪ ಹಚ್ಚಲು ಅನುಮತಿ ನೀಡಲಾಗಿದೆ. ಅನುಮತಿ ತಲುಪುವ ಮೊದಲೇ ದೀಪ ಹಚ್ಚಿ, ಆರತಿ ಎತ್ತಿ, ಪರಿವೀಕ್ಷಕರ ಕೈಗೂ ಒಂದು ನೆಲ್ಲಿಕಾಯಿ ಕೊಟ್ಟಾಗಿರುವುದನ್ನು ಇಲಾಖೆ ನೋಡಿಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

(ಸಹಿ ಇದೆ, ಓದಲು ಬರುವುದಿಲ್ಲ)
ವಲಯ ಅಧಿಕಾರಿ
ಋತುಪೂರ್ವ ಗೃಹಾಂಗಣ ಸಿದ್ಧತಾ ಇಲಾಖೆ

ಪ್ರತಿಗಳು:
1. ಎಲ್ಲ ಅಂಗಳ ಪರಿವೀಕ್ಷಕರಿಗೆ: ಬರಿಗಾಲಲ್ಲಿ ನಿಂತು ಓದಿಕೊಳ್ಳುವುದು.
2. ಶ್ರೀ ಡೊಂಬಯ್ಯನವರಿಗೆ: ದನಕ್ಕೆ ಓದಿ ಹೇಳುವುದು. ತಿನ್ನಲು ಬಿಡಬಾರದು.
3. ಶ್ರೀ ಸಮ್ಮೇದ್ ಅವರ ಬೂಟುಗಳಿಗೆ: ಈಗಲೂ ಗೇಟಿನ ಹೊರಗಿದ್ದು, ಅಲ್ಲೇ ಅಂಟಿಸುವುದು.
4. ಶ್ರೀಮತಿ ನೀಲಾವತಿಯವರಿಗೆ: ಮಾಹಿತಿಗಾಗಿ. ಅವರಿಗೆ ಮೊದಲೇ ಗೊತ್ತಿತ್ತು.
5. ಆ ದಿನ ಅಂಗಳಕ್ಕೆ ಬಂದವರಿಗೆ: ವಿಳಾಸ ಲಭ್ಯವಿಲ್ಲದ ಕಾರಣ ಪ್ರತಿಯನ್ನು ತುಳಸಿಕಟ್ಟೆಯ ಬುಡದಲ್ಲಿ ಇಡಲಾಗಿದೆ.